ಒಂದೇ ನಲ್ಲಿಗೆ ಹತ್ತು ಬಿಂದಿಗೆ: ಮನೆಯ ಸ್ಟೋರೇಜ್ ಸರ್ವರ್‌ಗೆ ಡಿಸ್ಕ್ ಕಾರ್ಡ್ ಕೊಳ್ಳುವ ಮುನ್ನ

ಹಳೆಯ ಪಿಸಿಯೊಂದನ್ನು ಮೂಲೆಯಲ್ಲಿಟ್ಟು, ಅದರೊಳಗೆ ನಾಲ್ಕು ಹಾರ್ಡ್ ಡಿಸ್ಕ್ ಜೋಡಿಸಿ, ಮಕ್ಕಳ ಫೋಟೊ, ಮದುವೆಯ ವಿಡಿಯೊ, ಸ್ಕ್ಯಾನ್ ಮಾಡಿದ ಜಮೀನಿನ ಪತ್ರ ಎಲ್ಲವನ್ನೂ ತುಂಬಿಟ್ಟುಕೊಂಡವರು ಈಗ ಸಾಕಷ್ಟು ಮಂದಿ ಇದ್ದಾರೆ. ಟ್ರೂನಾಸ್, ಅನ್‌ರೇಡ್, ಓಪನ್‌ಮೀಡಿಯಾವಾಲ್ಟ್ ಇವುಗಳಲ್ಲಿ ಯಾವುದಾದರೊಂದು ತಂತ್ರಾಂಶ ಹಾಕಿದರೆ ಆ ಪಿಸಿಯೇ ಸ್ಟೋರೇಜ್ ಸರ್ವರ್. ಮನೆಯ ಫೋನು, ಲ್ಯಾಪ್‌ಟಾಪ್, ಟಿವಿ ಎಲ್ಲಕ್ಕೂ ಅದೊಂದೇ ಬೀರು. ಎರಡು ಮೂರು ವರ್ಷ ಸುಖವಾಗಿ ಕಳೆಯುತ್ತದೆ. ಆಮೇಲೆ ಜಾಗ ತುಂಬುತ್ತದೆ. ಐದನೇ ಡಿಸ್ಕ್ ತಂದು, ಮುಚ್ಚಳ ಬಿಚ್ಚಿ ನೋಡಿದರೆ ಮದರ್‌ಬೋರ್ಡ್‌ನಲ್ಲಿ ಅದನ್ನು ಚುಚ್ಚಲು ಜಾಗವೇ ಇರುವುದಿಲ್ಲ.

ಆಗ ಬೇಕಾಗುವುದು ಈ ಕಾರ್ಡ್. ಅಂಗೈಯಷ್ಟು ಅಗಲದ ಹಸಿರೋ ಕಪ್ಪೋ ಬಣ್ಣದ ಹಲಗೆ. ಒಂದು ಅಂಚಿನಲ್ಲಿ ಚಿನ್ನದ ಬಣ್ಣದ ಹಲ್ಲುಗಳು, ಇನ್ನೊಂದು ಅಂಚಿನಲ್ಲಿ ಡಿಸ್ಕ್ ಕೇಬಲ್ ಚುಚ್ಚುವ ಪೋರ್ಟ್‌ಗಳು. ಹಲ್ಲುಗಳ ಬದಿಯನ್ನು ಮದರ್‌ಬೋರ್ಡ್‌ನ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿಗೆ ಒತ್ತಿದರೆ, ಅಂದರೆ ಗ್ರಾಫಿಕ್ಸ್ ಕಾರ್ಡ್ ಕೂರಿಸುವಂಥ ಉದ್ದನೆಯ ಸಂದಿಗೆ ಕೂರಿಸಿದರೆ, ಕಂಪ್ಯೂಟರಿಗೆ ಇನ್ನಷ್ಟು ಡಿಸ್ಕ್ ಪೋರ್ಟ್‌ಗಳು ಸಿಕ್ಕ ಹಾಗೆ. ಕೆಲಸ ಇಷ್ಟೇ. ಆದರೆ ಆನ್‌ಲೈನ್ ಅಂಗಡಿಯಲ್ಲಿ ಹುಡುಕಿದರೆ ಸಾವಿರ ರೂಪಾಯಿಯದೂ ಇದೆ, ಇಪ್ಪತ್ತು ಸಾವಿರದ್ದೂ ಇದೆ. ಹತ್ತು ಪೋರ್ಟಿನದು ಅಗ್ಗ, ಎಂಟು ಪೋರ್ಟಿನದು ದುಬಾರಿ. ಏನಿದು ಲೆಕ್ಕ?

ಲೆಕ್ಕ ಇರುವುದು ಪೋರ್ಟಿನಲ್ಲಲ್ಲ, ಕಾರ್ಡ್ ಮೇಲಿನ ಚಿಪ್‌ನಲ್ಲಿ. ಡಿಸ್ಕ್‌ಗಳ ಮಾತನ್ನು ಕಂಪ್ಯೂಟರಿಗೆ ತಲುಪಿಸುವ ಈ ಚಿಪ್‌ಗೆ ಕಂಟ್ರೋಲರ್ ಎನ್ನುತ್ತಾರೆ. ಪೆಟ್ಟಿಗೆಯ ಮೇಲಿನ ಬ್ರ್ಯಾಂಡ್ ಹೆಸರು ಯಾವುದಾದರೂ ಇರಲಿ, ನೀವು ಕೇಳಬೇಕಾದ ಮೊದಲ ಪ್ರಶ್ನೆ ಒಂದೇ: ಒಳಗಿರುವ ಚಿಪ್ ಯಾವುದು?

ಅದಕ್ಕೂ ಮೊದಲು, ಕಾರ್ಡ್ ನಿಜವಾಗಿ ಬೇಕೇ ನೋಡಿಕೊಳ್ಳಿ. ಮದರ್‌ಬೋರ್ಡ್‌ನಲ್ಲಿ ಆರು ಸಾಟಾ ಪೋರ್ಟ್ (ಡಿಸ್ಕ್ ಕೇಬಲ್ ಹೋಗುವ, ಎಲ್ ಆಕಾರದ ಪುಟ್ಟ ಗೂಡು) ಇದ್ದೂ ನಾಲ್ಕೇ ಕೆಲಸ ಮಾಡುತ್ತಿರಬಹುದು. ಹಲವು ಬೋರ್ಡ್‌ಗಳಲ್ಲಿ ಎಂ.2 ಸ್ಲಾಟಿಗೆ ಎಸ್‌ಎಸ್‌ಡಿ ಹಾಕಿದರೆ ಒಂದೆರಡು ಸಾಟಾ ಪೋರ್ಟ್ ತಾನಾಗಿ ಮಲಗಿಬಿಡುತ್ತವೆ. ಯಾವ ಎಂ.2ಗೆ ಯಾವ ಪೋರ್ಟ್ ಎಂಬುದನ್ನು ಬೋರ್ಡಿನ ಕೈಪಿಡಿಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಎಸ್‌ಎಸ್‌ಡಿಯನ್ನು ಪಕ್ಕದ ಸ್ಲಾಟಿಗೆ ಬದಲಿಸಿದರೆ ಪುಕ್ಕಟೆಯಾಗಿ ಎರಡು ಪೋರ್ಟ್ ಸಿಗಬಹುದು. ಇನ್ನೊಂದು ದಾರಿ, 2 ಟಿಬಿಯ ನಾಲ್ಕು ಹಳೆಯ ಡಿಸ್ಕ್ ಇಟ್ಟುಕೊಂಡು ಐದನೆಯದಕ್ಕೆ ಪರದಾಡುವ ಬದಲು ಎರಡನ್ನು ತೆಗೆದು ದೊಡ್ಡದೊಂದನ್ನು ಹಾಕುವುದು. ಓಡುವ ಪ್ರತಿ ಡಿಸ್ಕ್ ಸುಮ್ಮನೆ ತಿರುಗುತ್ತಿದ್ದರೂ ನಾಲ್ಕೈದು ವ್ಯಾಟ್ ತಿನ್ನುತ್ತದೆ.

ಇಲ್ಲ, ಕಾರ್ಡ್ ಬೇಕೇ ಬೇಕು ಎಂದಾದರೆ ಲೇನ್ ಎಂಬ ಒಂದು ಪದ ಅರ್ಥ ಮಾಡಿಕೊಳ್ಳಬೇಕು. ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿಗೂ ಪ್ರೊಸೆಸರಿಗೂ ನಡುವಿನ ಒಂದೊಂದು ದಾರಿ ಒಂದೊಂದು ಲೇನ್. ಎಕ್ಸ್1 ಎಂದರೆ ಒಂದು ಲೇನ್, ಎಕ್ಸ್4 ಎಂದರೆ ನಾಲ್ಕು. ದಾರಿಯ ಅಗಲ ತಲೆಮಾರಿನ ಮೇಲೆ ನಿಂತಿದೆ. ಎರಡನೇ ತಲೆಮಾರಿನ, ಅಂದರೆ ಜೆನ್ 2ರ ಒಂದು ಲೇನ್‌ನಲ್ಲಿ ಸೆಕೆಂಡಿಗೆ 500 ಎಂಬಿ ಹೋಗಬಹುದು. ಜೆನ್ 3ರಲ್ಲಿ ಸುಮಾರು 985 ಎಂಬಿ. ಇದು ಕಾಗದದ ಮೇಲಿನ ಲೆಕ್ಕ. ಕೈಗೆ ಸಿಗುವುದು ಇದಕ್ಕಿಂತ ಶೇಕಡ 15ರಿಂದ 20ರಷ್ಟು ಕಡಿಮೆ.

ಈಗಿನ ಹಾರ್ಡ್ ಡಿಸ್ಕ್ ಒಂದೇ ಸಮನೆ ಓದುವಾಗ ಸೆಕೆಂಡಿಗೆ 150ರಿಂದ 250 ಎಂಬಿ ಕೊಡುತ್ತದೆ. ಒಂದು ಡಿಸ್ಕಿಗೆ ಒಂದು ಲೇನ್ ಧಾರಾಳವಾಯಿತು. ಆರು ಡಿಸ್ಕಿಗೆ? ಸಿನಿಮಾ ನೋಡುವಾಗ, ಫೋಟೊ ತೆರೆಯುವಾಗ ತೊಂದರೆ ಇಲ್ಲ, ಏಕೆಂದರೆ ಆರೂ ಒಟ್ಟಿಗೆ ಓಡುವುದಿಲ್ಲ. ಮನೆಯ ನೆಟ್‌ವರ್ಕ್ 1 ಗಿಗಾಬಿಟ್‌ನದಾದರೆ ಅದೇ ಸೆಕೆಂಡಿಗೆ 110 ಎಂಬಿ ಚಿಲ್ಲರೆಗೆ ಸುಸ್ತಾಗುತ್ತದೆ. ಆದರೆ ತಿಂಗಳಿಗೊಮ್ಮೆ ಸರ್ವರ್ ಎಲ್ಲ ಡಿಸ್ಕ್‌ಗಳನ್ನೂ ಮೊದಲಿನಿಂದ ಕೊನೆಯವರೆಗೆ ಓದಿ ತಾಳೆ ನೋಡುತ್ತದಲ್ಲ, ಝಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ ಬಳಸುವವರು ಸ್ಕ್ರಬ್ ಎಂದೂ ಅನ್‌ರೇಡ್‌ನವರು ಪ್ಯಾರಿಟಿ ಚೆಕ್ ಎಂದೂ ಕರೆಯುವ ಆ ಕೆಲಸ, ಅಲ್ಲಿ ಬಣ್ಣ ಬಯಲಾಗುತ್ತದೆ. ಕೆಟ್ಟ ಡಿಸ್ಕ್ ತೆಗೆದು ಹೊಸದು ಹಾಕಿದಾಗಲೂ ಅಷ್ಟೆ: ಉಳಿದ ಎಲ್ಲವೂ ಒಟ್ಟಿಗೆ ಓಡಲೇಬೇಕು.

ಇದನ್ನು ನಾನು ಕಲಿತದ್ದು ಕೈ ಸುಟ್ಟುಕೊಂಡು. ಹತ್ತು ಪೋರ್ಟಿನ ಕಾರ್ಡೊಂದು ಎರಡು ಸಾವಿರದೊಳಗೆ ಸಿಕ್ಕಿತೆಂದು ತರಿಸಿದೆ. 4 ಟಿಬಿಯ ಆರು ಡಿಸ್ಕ್ ಜೋಡಿಸಿದೆ. ಮದರ್‌ಬೋರ್ಡ್ ಪೋರ್ಟ್‌ನಲ್ಲಿದ್ದಾಗ ಏಳೆಂಟು ಗಂಟೆಯಲ್ಲಿ ಮುಗಿಯುತ್ತಿದ್ದ ತಪಾಸಣೆ ರಾತ್ರಿ ಶುರುವಾಗಿ ಮರುದಿನ ಮಧ್ಯಾಹ್ನ ದಾಟಿದರೂ ಮುಗಿಯಲಿಲ್ಲ. ಮೂರನೇ ತಿಂಗಳು ಇನ್ನೂ ಕೆಟ್ಟದ್ದಾಯಿತು. ಒಂದು ಡಿಸ್ಕ್‌ನಲ್ಲಿ ಓದುವ ದೋಷ ಬಂದದ್ದೇ ತಡ, ಅದರ ಜೊತೆಗೆ ಚೆನ್ನಾಗಿದ್ದ ಇನ್ನೂ ಮೂರು ಡಿಸ್ಕ್ ಒಂದೇ ಏಟಿಗೆ ಕಾಣೆ. ಕಾರ್ಡ್ ಹೊರತೆಗೆದು, ಅಂಟಿಸಿದ್ದ ಅಲ್ಯುಮಿನಿಯಂ ಹೀಟ್‌ಸಿಂಕನ್ನು ಮೆಲ್ಲಗೆ ತಿರುಚಿ ಬಿಡಿಸಿ, ಮೊಬೈಲ್ ಟಾರ್ಚ್ ಹಿಡಿದು ನೋಡಿದೆ. ಕೆಳಗೆ ಇದ್ದದ್ದು ಎರಡೇ ಪೋರ್ಟಿನ ಒಂದು ಕಂಟ್ರೋಲರ್. ಅದರ ಪಕ್ಕದಲ್ಲಿ ತಲಾ ಐದು ಪೋರ್ಟಾಗಿ ಹಂಚುವ ಎರಡು ಪುಟ್ಟ ಚಿಪ್. ಹಲ್ಲುಗಳೋ ಎಕ್ಸ್1, ಅದೂ ಜೆನ್ 2.

ಹೀಗೆ ಹಂಚುವ ಚಿಪ್‌ಗೆ ಪೋರ್ಟ್ ಮಲ್ಟಿಪ್ಲೈಯರ್ ಎಂದು ಹೆಸರು. ಬೀದಿ ನಲ್ಲಿಯೊಂದಕ್ಕೆ ಹತ್ತು ಬಿಂದಿಗೆ ಸಾಲಿಗಿಟ್ಟ ಹಾಗೆ. ಬಿಂದಿಗೆ ಹೆಚ್ಚಿದ ಮಾತ್ರಕ್ಕೆ ನೀರು ಹೆಚ್ಚುವುದಿಲ್ಲ. ಸಾಲದ್ದಕ್ಕೆ, ಅದರ ಹಿಂದಿನ ಒಂದು ಡಿಸ್ಕ್ ಮೊಂಡು ಹಿಡಿದರೆ ಕಂಟ್ರೋಲರ್ ಇಡೀ ದಾರಿಯನ್ನೇ ರೀಸೆಟ್ ಮಾಡುತ್ತದೆ, ಆ ದಾರಿಯ ಐದೂ ಡಿಸ್ಕ್ ಒಟ್ಟಿಗೆ ಬಿದ್ದುಹೋಗುತ್ತವೆ. ಒಂದು ಡಿಸ್ಕ್ ಸತ್ತರೂ ತಡೆದುಕೊಳ್ಳಲೆಂದು ಮಾಡಿದ ವ್ಯವಸ್ಥೆಗೆ ಇದಕ್ಕಿಂತ ದೊಡ್ಡ ಶತ್ರು ಇಲ್ಲ. ವಿವರದಲ್ಲಿ ಜೆಎಂಬಿ 575 ಎಂದು ಕಂಡರೆ ಅದು ಮಲ್ಟಿಪ್ಲೈಯರ್ ಎಂದು ತಿಳಿಯಿರಿ. ಎಕ್ಸ್1 ಹಲ್ಲಿನ ಹಲಗೆಯ ಮೇಲೆ ಎಂಟು, ಹತ್ತು, ಹದಿನಾರು ಪೋರ್ಟ್ ಕಂಡರೆ ವಿವರ ಓದುವುದೂ ಬೇಡ, ಮುಂದಕ್ಕೆ ಹೋಗಿ.

ಹಾಗಾದರೆ ಯಾವುದು ಒಳ್ಳೆಯದು? ಎರಡರಿಂದ ಆರು ಡಿಸ್ಕ್ ಸೇರಿಸಬೇಕೆನ್ನುವವರಿಗೆ ಉತ್ತರ ಸುಲಭ. ಎಎಸ್‌ಮೀಡಿಯಾ ಕಂಪನಿಯ ಎಎಸ್‌ಎಂ 1064 ಚಿಪ್ ನಾಲ್ಕು ಪೋರ್ಟಿನದು, ಜೆನ್ 3ರ ಒಂದು ಲೇನ್ ಬಳಸುತ್ತದೆ. ನಾಲ್ಕು ಹಾರ್ಡ್ ಡಿಸ್ಕಿಗೆ ಇದು ಸಾಕು, ಎಕ್ಸ್1 ಸ್ಲಾಟ್ ಮಾತ್ರ ಖಾಲಿ ಇರುವವರಿಗೆ ಹೇಳಿಮಾಡಿಸಿದ್ದು. ಅದೇ ಕಂಪನಿಯ ಎಎಸ್‌ಎಂ 1166 ಆರು ಪೋರ್ಟಿನದು, ಜೆನ್ 3ರ ಎರಡು ಲೇನ್ ಬಳಸುತ್ತದೆ. ಆರು ಡಿಸ್ಕ್ ಒಟ್ಟಿಗೆ ಓಡಿದರೂ ಉಸಿರು ಕಟ್ಟುವುದಿಲ್ಲ. ಜೆಮೈಕ್ರಾನ್‌ನ ಜೆಎಂಬಿ 585 ಐದು ಪೋರ್ಟಿನದು, ಅದೂ ಎರಡು ಲೇನಿನದೇ. ನನ್ನನ್ನು ಕೇಳಿದರೆ 1166ಕ್ಕೇ ನನ್ನ ಓಟು. ಕೆಲಸವಿಲ್ಲದಾಗ ಅದು ವಿದ್ಯುತ್ ಉಳಿಸುವ ಸ್ಥಿತಿಗೆ ಹೋಗುತ್ತದೆ, ಪ್ರೊಸೆಸರನ್ನೂ ನಿದ್ದೆ ಮಾಡಲು ಬಿಡುತ್ತದೆ. ಇವೆಲ್ಲ ಎಎಚ್‌ಸಿಐ ಎಂಬ ಸಾಮಾನ್ಯ ಪದ್ಧತಿಯಲ್ಲಿ ಮಾತಾಡುವುದರಿಂದ ಲಿನಕ್ಸ್‌ಗಾಗಲಿ ವಿಂಡೋಸ್‌ಗಾಗಲಿ ಬೇರೆ ಡ್ರೈವರ್ ಹಾಕಬೇಕಿಲ್ಲ.

ಇಲ್ಲೊಂದು ಕಿವಿಮಾತು. 1166 ಚಿಪ್ ಇದ್ದೂ ಎಕ್ಸ್1 ಹಲ್ಲಿನೊಂದಿಗೆ ಮಾಡಿದ ಕಾರ್ಡ್‌ಗಳೂ ಇವೆ. ಚಿಪ್ ಎರಡು ಲೇನ್ ಬೇಕೆಂದರೂ ಹಲಗೆ ಒಂದನ್ನೇ ಕೊಡುತ್ತದೆ. ಫೋಟೊದಲ್ಲಿ ಚಿನ್ನದ ಹಲ್ಲಿನ ಉದ್ದ ನೋಡಿ. ಉಗುರಿನಷ್ಟಿದ್ದರೆ ಎಕ್ಸ್1, ಅದರ ಒಂದೂವರೆ ಪಟ್ಟು ಇದ್ದರೆ ಎಕ್ಸ್4. ಮದರ್‌ಬೋರ್ಡಿನ ಸ್ಲಾಟ್ ಕೂಡ ಮೋಸ ಮಾಡಬಹುದು: ನೋಡಲು ಉದ್ದನೆಯ ಎಕ್ಸ್16, ಒಳಗೆ ತಂತಿ ಇರುವುದು ನಾಲ್ಕೇ ಲೇನಿಗೆ. ಅದೂ ಕೈಪಿಡಿಯಲ್ಲೇ ಇರುತ್ತದೆ. ಪ್ರೊಸೆಸರಿನಲ್ಲೇ ಗ್ರಾಫಿಕ್ಸ್ ಇದ್ದು ಗ್ರಾಫಿಕ್ಸ್ ಕಾರ್ಡ್ ಬೇಡವಾಗಿದ್ದರೆ, ಮೇಲಿನ ದೊಡ್ಡ ಸ್ಲಾಟನ್ನೇ ಡಿಸ್ಕ್ ಕಾರ್ಡಿಗೆ ಕೊಡಿ. ಅದಕ್ಕೆಂದು ಯಾರೂ ಬೈಯುವುದಿಲ್ಲ.

ಹಳೆಯ ಮಾರ್ವೆಲ್ ಚಿಪ್‌ನ ನಾಲ್ಕು ಪೋರ್ಟಿನ ಕಾರ್ಡ್‌ಗಳೂ ಮಾರುಕಟ್ಟೆಯಲ್ಲಿ ಉಳಿದಿವೆ. ಒಂದು ಯಂತ್ರದೊಳಗೆ ಹಲವು ಯಂತ್ರ ನಡೆಸುವ ವರ್ಚುವಲೈಸೇಷನ್ ಬಳಸುವವರಿಗೆ ಇವು ತಂಟೆ ಕೊಟ್ಟದ್ದಿದೆ. ಕೈಯಲ್ಲಿದ್ದು ಸರಿಯಾಗಿ ನಡೆಯುತ್ತಿದ್ದರೆ ಇಟ್ಟುಕೊಳ್ಳಿ, ಹೊಸದಾಗಿ ಕೊಳ್ಳಬೇಡಿ.

ಎಂಟು, ಅದಕ್ಕೂ ಹೆಚ್ಚು ಡಿಸ್ಕ್ ಬೇಕೆನ್ನುವವರ ದಾರಿ ಬೇರೆ. ಅವರು ಹುಡುಕಬೇಕಾದದ್ದು ಎಚ್‌ಬಿಎ. ಕಚೇರಿಗಳ ದೊಡ್ಡ ಸರ್ವರ್‌ಗಳಿಂದ ಬಿಚ್ಚಿದ, ಆದರೆ ಇನ್ನೂ ಆಯುಸ್ಸಿರುವ ಕಾರ್ಡ್ ಇದು. ಎಲ್‌ಎಸ್‌ಐ ಎಂಬ ಕಂಪನಿ ಇವನ್ನು ಮಾಡುತ್ತಿತ್ತು. 2014ರಲ್ಲಿ ಅವಾಗೊ ಅದನ್ನು ಕೊಂಡಿತು, 2016ರಲ್ಲಿ ಅವಾಗೊ ಬ್ರಾಡ್‌ಕಾಮನ್ನು ಕೊಂಡು ಆ ಹೆಸರನ್ನೇ ಇಟ್ಟುಕೊಂಡಿತು. ಹಾಗಾಗಿ ಒಂದೇ ಕುಟುಂಬದ ಕಾರ್ಡ್‌ಗಳ ಮೇಲೆ ಮೂರು ಹೆಸರು ಕಂಡರೆ ಗಾಬರಿ ಬೇಡ. 9211-8ಐ ಹಳೆಯ ಕುದುರೆ, ಜೆನ್ 2. 9207-8ಐ ಅದರ ತಮ್ಮ, ಜೆನ್ 3. 9300-8ಐ ಇನ್ನೂ ಹೊಸದು. ಕೊನೆಯ 8ಐ ಎಂದರೆ ಪೆಟ್ಟಿಗೆಯ ಒಳಗೆ ಎಂಟು ಡಿಸ್ಕ್ ಎಂದು. ಇವು ಸರ್ವರ್‌ಗಳ ಸ್ಯಾಸ್ ಡಿಸ್ಕನ್ನೂ ನಮ್ಮ ಸಾಟಾ ಡಿಸ್ಕನ್ನೂ ಓಡಿಸುತ್ತವೆ. ಸಾಟಾ ಕಾರ್ಡ್ ಮಾತ್ರ ಸ್ಯಾಸ್ ಡಿಸ್ಕನ್ನು ಮುಟ್ಟುವುದಿಲ್ಲ, ಅಗ್ಗಕ್ಕೆ ಸಿಕ್ಕಿತೆಂದು ಹಳೆಯ ಸ್ಯಾಸ್ ಡಿಸ್ಕ್ ತಂದವರು ಇದನ್ನು ನೆನಪಿಡಬೇಕು.

ಇದರಲ್ಲಿ ಕೇಳಬೇಕಾದ ಮುಖ್ಯ ಮಾತು ಐಟಿ ಮೋಡ್. ಈ ಕಾರ್ಡ್‌ಗಳ ಒಳಗಿನ ತಂತ್ರಾಂಶ, ಅಂದರೆ ಫರ್ಮ್‌ವೇರ್, ಎರಡು ಬಗೆ. ಐಆರ್ ಮೋಡ್‌ನಲ್ಲಿ ಕಾರ್ಡ್ ತಾನೇ ಡಿಸ್ಕ್‌ಗಳನ್ನು ಸೇರಿಸಿ ರೇಡ್ ಎಂಬ ಒಂದೇ ಗುಂಪು ಮಾಡಲು ಹೋಗುತ್ತದೆ. ಐಟಿ ಮೋಡ್‌ನಲ್ಲಿ ಅಂಥ ಯಜಮಾನಿಕೆ ಇಲ್ಲ, ಪ್ರತಿ ಡಿಸ್ಕನ್ನೂ ಇದ್ದ ಹಾಗೇ ಸರ್ವರ್‌ಗೆ ಒಪ್ಪಿಸುತ್ತದೆ. ನಮಗೆ ಬೇಕಾದದ್ದು ಇದು. ಡಿಸ್ಕ್‌ಗಳ ನಿರ್ವಹಣೆ ಟ್ರೂನಾಸ್, ಅನ್‌ರೇಡ್‌ಗಳ ಕೆಲಸ. ನಡುವೆ ಇನ್ನೊಬ್ಬ ಯಜಮಾನ ಕೂತರೆ ಡಿಸ್ಕಿನ ಆರೋಗ್ಯದ ವರದಿ ಸರಿಯಾಗಿ ತಲುಪುವುದಿಲ್ಲ. ಅಪ್ಪಟ ಹಾರ್ಡ್‌ವೇರ್ ರೇಡ್ ಕಾರ್ಡ್ ಆದರಂತೂ, ಅದು ಸತ್ತ ದಿನ ಡಿಸ್ಕ್‌ಗಳನ್ನು ಓದಲು ಅದೇ ಜಾತಿಯ ಇನ್ನೊಂದು ಕಾರ್ಡಿಗಾಗಿ ಊರೆಲ್ಲ ಅಲೆಯಬೇಕು. ಬ್ಯಾಟರಿ ಇರುವ ದುಬಾರಿ ರೇಡ್ ಕಾರ್ಡ್ ಅರ್ಧ ಬೆಲೆಗೆ ಕೊಡುತ್ತೇನೆಂದು ಯಾರಾದರೂ ಬಂದರೆ ನಮಸ್ಕಾರ ಹೇಳಿ ಕಳಿಸಿ.

ಫರ್ಮ್‌ವೇರನ್ನು ಮನೆಯಲ್ಲೇ ಬದಲಿಸಬಹುದು. ಆದರೆ ಮೊದಲ ಕಾರ್ಡಿಗೇ ಆ ಸಾಹಸ ಬೇಡ. ನಡುವೆ ಕರೆಂಟ್ ಹೋದರೆ ಕಾರ್ಡ್ ಕಲ್ಲಾಗಬಹುದು. ಐಟಿ ಮೋಡ್ ಹಾಕಿಯೇ ಮಾರುವವರಿದ್ದಾರೆ, ನಾಲ್ಕೈನೂರು ಹೆಚ್ಚಾದರೂ ಅದನ್ನೇ ಕೊಳ್ಳಿ. 9211, 9207 ಕಾರ್ಡ್‌ಗಳಿಗೆ ಫರ್ಮ್‌ವೇರ್ ಪಿ20ರ ಸಾಲಿನ 20.00.07.00 ಇದೆಯೇ ಎಂದು ಕೇಳಿ. ಇದಕ್ಕೂ ಹಿಂದಿನ, ಎಸ್‌ಎಎಸ್ 1068ಇ ಚಿಪ್‌ನ ಕಾರ್ಡ್ ಇನ್ನೂ ಅಗ್ಗಕ್ಕೆ ಸಿಗುತ್ತದೆ. ಅದು 2 ಟಿಬಿಗಿಂತ ದೊಡ್ಡ ಡಿಸ್ಕನ್ನು ಪೂರ್ತಿ ಕಾಣುವುದಿಲ್ಲ, ತೂಕಕ್ಕೆ ಹಾಕಲಷ್ಟೇ ಲಾಯಕ್ಕು.

ಎಚ್‌ಬಿಎಯ ದೊಡ್ಡ ಅವಗುಣ ಬಿಸಿ. ಸರ್ವರ್ ಕೋಣೆಯ ಜೋರು ಫ್ಯಾನ್‌ಗಳ ಗಾಳಿಯನ್ನು ನಂಬಿ ಮಾಡಿದ್ದು ಅದು. ನಮ್ಮ ಸದ್ದಿಲ್ಲದ ಪಿಸಿ ಪೆಟ್ಟಿಗೆಯಲ್ಲಿ, ಅದೂ ರಾಯಚೂರು ಕಲಬುರಗಿಯ ಏಪ್ರಿಲ್‌ನಲ್ಲಿ, ಹೀಟ್‌ಸಿಂಕ್ ಮೇಲೆ ಎರಡು ಸೆಕೆಂಡ್ ಬೆರಳಿಡಲಾಗುವುದಿಲ್ಲ. 40 ಮಿಲಿಮೀಟರಿನ ಪುಟ್ಟ ಫ್ಯಾನ್ ತಂದು ಹೀಟ್‌ಸಿಂಕ್ ರೆಕ್ಕೆಗಳಿಗೆ ಪ್ಲಾಸ್ಟಿಕ್ ಟೈನಿಂದ ಕಟ್ಟಿಬಿಡಿ. ನೋಡಲು ಗುಜರಿ ಕೆಲಸದಂತಿರುತ್ತದೆ, ಆದರೆ ಎಲ್ಲರೂ ಮಾಡುವುದು ಅದನ್ನೇ.

ಕೇಬಲ್ ಬಗ್ಗೆಯೂ ಒಂದು ಮಾತು. ಎಚ್‌ಬಿಎಯಲ್ಲಿ ಎಂಟು ಸಾಟಾ ಗೂಡು ಇರುವುದಿಲ್ಲ, ಎರಡು ಅಗಲವಾದ ಗೂಡು ಇರುತ್ತವೆ. ಒಂದೊಂದರಿಂದ ನಾಲ್ಕು ಸಾಟಾ ಬಾಲಗಳಾಗಿ ಒಡೆಯುವ ಕೇಬಲ್ ಬೇಕು. 9211, 9207ಕ್ಕೆ ಎಸ್‌ಎಫ್‌ಎಫ್ 8087, 9300ಕ್ಕೆ ಎಸ್‌ಎಫ್‌ಎಫ್ 8643 ಎಂಬ ತುದಿ. ಫಾರ್ವರ್ಡ್ ಬ್ರೇಕ್‌ಔಟ್ ಎಂದೇ ಕೇಳಿ. ರಿವರ್ಸ್ ಎಂಬುದು ನೋಡಲು ಅವಳಿಜವಳಿ, ಆದರೆ ಅದನ್ನು ಹಾಕಿದರೆ ಒಂದು ಡಿಸ್ಕೂ ಕಾಣುವುದಿಲ್ಲ, ನೀವು ಕಾರ್ಡ್ ಕೆಟ್ಟಿದೆ ಎಂದುಕೊಂಡು ಅಂಗಡಿಯವನ ಜೊತೆ ಜಗಳಕ್ಕೆ ಹೋಗುತ್ತೀರಿ.

ಇಷ್ಟು ಹೊತ್ತಿಗೆ ನಿಮ್ಮ ಮನಸ್ಸಿನಲ್ಲಿ ಒಂದು ಭಯ ಎದ್ದಿರಬೇಕು. ಡಿಸ್ಕ್‌ಗಳನ್ನು ಮದರ್‌ಬೋರ್ಡ್‌ನಿಂದ ಕಿತ್ತು ಕಾರ್ಡಿಗೆ ಹಾಕಿದರೆ ಒಳಗಿನ ಫೋಟೊಗಳ ಗತಿ ಏನು? ಝಡ್‌ಎಫ್‌ಎಸ್, ಅನ್‌ರೇಡ್, ಲಿನಕ್ಸಿನ ತಂತ್ರಾಂಶ ರೇಡ್ ಯಾವುದಾದರೂ ಆಗಿದ್ದರೆ ಏನೂ ಆಗುವುದಿಲ್ಲ. ಇವು ಡಿಸ್ಕನ್ನು ಗುರುತಿಸುವುದು ಅದರ ಸೀರಿಯಲ್ ನಂಬರಿನಿಂದಲೋ ಅದರ ಮೇಲೆ ಬರೆದ ಗುರುತಿನಿಂದಲೋ ಹೊರತು ಯಾವ ಗೂಡಿನಲ್ಲಿದೆ ಎಂಬುದರಿಂದ ಅಲ್ಲ. ಆದರೂ ಬ್ಯಾಕಪ್ ಇಲ್ಲದೆ ಮುಚ್ಚಳ ಬಿಚ್ಚಬೇಡಿ. ಬೂಟ್ ಆಗುವ ಡಿಸ್ಕನ್ನು ಮಾತ್ರ ಮದರ್‌ಬೋರ್ಡಿನಲ್ಲೇ ಬಿಡಿ. ಎಸ್‌ಎಸ್‌ಡಿಗಳಿಗೂ ಅಲ್ಲೇ ಜಾಗ ಕೊಡಿ. ಯುಎಸ್‌ಬಿ ಪೆಟ್ಟಿಗೆಯಲ್ಲಿ ಡಿಸ್ಕ್ ಹಾಕಿ ಚುಚ್ಚಿದರೆ ಆಗದೇ ಎಂದು ಕೇಳುವವರಿದ್ದಾರೆ. ಬ್ಯಾಕಪ್‌ಗೆ ಆಗುತ್ತದೆ. ಹಗಲು ರಾತ್ರಿ ಓಡುವ ಡಿಸ್ಕ್ ಗುಂಪಿಗೆ ಬೇಡ, ಸಂಪರ್ಕ ಆಗಾಗ ತಪ್ಪುತ್ತದೆ.

ಪೋರ್ಟ್ ಸಿಕ್ಕಿತು, ಇನ್ನು ಕರೆಂಟು. 3.5 ಇಂಚಿನ ಡಿಸ್ಕ್ ತಿರುಗಲು ಶುರುಮಾಡುವ ಕ್ಷಣದಲ್ಲಿ 12 ವೋಲ್ಟಿನ ತಂತಿಯಿಂದ ಸುಮಾರು 2 ಆಂಪಿಯರ್, ಅಂದರೆ 24 ವ್ಯಾಟ್ ಎಳೆಯುತ್ತದೆ. ಎಂಟು ಒಟ್ಟಿಗೆ ಎದ್ದರೆ 190 ವ್ಯಾಟ್ ದಾಟುತ್ತದೆ. ಪವರ್ ಸಪ್ಲೈ ಅದನ್ನು ತಾಳಬೇಕು, ಯುಪಿಎಸ್ ಕೂಡ ತಾಳಬೇಕು. ಹಳೆಯ ಮೊಲೆಕ್ಸ್ ತುದಿಯನ್ನು ಸಾಟಾ ಪವರಿಗೆ ಬದಲಿಸುವ ಅಚ್ಚೊತ್ತಿದ ಅಡಾಪ್ಟರುಗಳು ಒಳಗೊಳಗೇ ಶಾರ್ಟ್ ಆಗಿ ಹೊತ್ತಿಕೊಂಡದ್ದಿದೆ. ಬೇಕೇ ಆದರೆ, ತಂತಿಯನ್ನು ಒತ್ತಿ ಕೂರಿಸಿ ಹಿಂದೆ ಮುಚ್ಚಳ ಹಾಕಿದ ಬಗೆಯದನ್ನು ಕೊಳ್ಳಿ.

ತಿಂಗಳ ಖರ್ಚಿನ ಲೆಕ್ಕ ಹೀಗೆ. 1166 ಕಾರ್ಡ್ ತಿನ್ನುವುದು ಒಂದೆರಡು ವ್ಯಾಟ್. ಎಚ್‌ಬಿಎ ಹತ್ತರ ಆಸುಪಾಸು, ಅಂದರೆ ತಿಂಗಳಿಗೆ 7 ಯೂನಿಟ್. ಆರು ಡಿಸ್ಕಿನ ಇಡೀ ಸರ್ವರ್ 60 ವ್ಯಾಟ್ ಎಳೆದರೆ ತಿಂಗಳಿಗೆ 43 ಯೂನಿಟ್. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯಲ್ಲಿರುವವರು ಇದನ್ನು ಗಮನಿಸಬೇಕು. ತಿಂಗಳ ಬಳಕೆ 200 ಯೂನಿಟ್ ದಾಟಿತೆಂದರೆ ಹೆಚ್ಚಾದಷ್ಟಕ್ಕಲ್ಲ, ಇಡೀ ಬಿಲ್ಲನ್ನೇ ಕಟ್ಟಬೇಕು. 170ರಲ್ಲಿರುವ ಮನೆಯನ್ನು ಈ ಸರ್ವರ್ ಒಂದೇ ಆ ಗೆರೆ ದಾಟಿಸಿಬಿಡಬಹುದು.

ಬೆಲೆ ವಾರಕ್ಕೊಂದು ರೀತಿ ಇರುತ್ತದೆ, ಅಂದಾಜಿಗೆ ಮಾತ್ರ ಹೇಳುತ್ತೇನೆ. ನಾಲ್ಕು ಪೋರ್ಟಿನ 1064 ಎರಡು ಸಾವಿರದ ಆಚೀಚೆ, ಆರು ಪೋರ್ಟಿನ 1166 ಮೂರರಿಂದ ಐದು ಸಾವಿರ, ಬಳಸಿದ 9211 ಅಥವಾ 9207 ನಾಲ್ಕರಿಂದ ಎಂಟು ಸಾವಿರ, ಮೇಲೆ ಕೇಬಲ್ ಮತ್ತು ಫ್ಯಾನ್. ಸಾಟಾ ಕಾರ್ಡನ್ನು ಆನ್‌ಲೈನ್‌ನಲ್ಲಿ ತರಿಸಿದರೆ ವಾಪಸ್ ಮಾಡುವ ಅನುಕೂಲವಿದೆ. ಎಚ್‌ಬಿಎಗೆ ಬೆಂಗಳೂರಿನವರು ಎಸ್.ಪಿ. ರೋಡಿನಲ್ಲಿ ಹಳೆಯ ಸರ್ವರ್ ಬಿಡಿಭಾಗ ಮಾರುವ ಅಂಗಡಿಗಳನ್ನು ವಿಚಾರಿಸಬಹುದು. ಮುಂಭಾಗದ ಅಂಗಡಿಯಲ್ಲಿ ಎಚ್‌ಬಿಎ ಎಂದರೆ ಮುಖ ನೋಡುತ್ತಾರೆ. ಸರ್ವರ್ ರೇಡ್ ಕಾರ್ಡ್ ಎಲ್ಲಿ ಸಿಗುತ್ತದೆ ಎಂದು ಕೇಳಿ, ಮಹಡಿಯ ಮೇಲಿನ ಅಂಗಡಿಗೆ ಕಳಿಸುತ್ತಾರೆ. ಬಿಲ್ ಕೇಳಿ, ಹದಿನೈದು ದಿನವಾದರೂ ಬದಲಿಸಿಕೊಡುವ ಮಾತು ಪಡೆಯಿರಿ. ಹೊಚ್ಚಹೊಸ ಪೆಟ್ಟಿಗೆಯಲ್ಲಿ ಅರ್ಧ ಬೆಲೆಗೆ ಬರುವ ಎಲ್‌ಎಸ್‌ಐ ಕಾರ್ಡ್ ಬಹುಪಾಲು ನಕಲಿ. ಸರ್ವರ್‌ನಿಂದ ಬಿಚ್ಚಿದ, ಸ್ವಲ್ಪ ಧೂಳು ಹಿಡಿದದ್ದೇ ಮೇಲು.

ಕಾರ್ಡ್ ಕೂರಿಸಿದ ಮೇಲೆ ಅರ್ಧ ದಿನ ಪರೀಕ್ಷೆಗೆ ಕೊಡಿ. ಸರ್ವರ್‌ನ ಕಮಾಂಡ್ ಕಿಟಕಿಯಲ್ಲಿ ಎಲ್‌ಎಸ್‌ಪಿಸಿಐ ಎಂಬ ಆಜ್ಞೆ ಕೊಟ್ಟರೆ ಚಿಪ್‌ನ ನಿಜವಾದ ಹೆಸರು ಬರುತ್ತದೆ. ಅಂಗಡಿಯವನು ಹೇಳಿದ್ದಕ್ಕೂ ಇದಕ್ಕೂ ತಾಳೆಯಾಗಬೇಕು. ಆಮೇಲೆ ಎಲ್ಲ ಡಿಸ್ಕ್‌ಗಳನ್ನೂ ಒಟ್ಟಿಗೆ ಓದಿಸಿ. ಒಂಟಿಯಾಗಿ ಓಡುವಾಗಿನ ವೇಗಕ್ಕೂ ಒಟ್ಟಿಗೆ ಓಡುವಾಗಿನ ವೇಗಕ್ಕೂ ಹೆಚ್ಚು ವ್ಯತ್ಯಾಸ ಇರಬಾರದು. ಡಿಸ್ಕಿನ ಆರೋಗ್ಯ ವರದಿಯಾದ ಸ್ಮಾರ್ಟ್‌ನಲ್ಲಿ 199 ಎಂಬ ಐಡಿ ಇರುವ ಸಾಲಿನ ಸಂಖ್ಯೆಯನ್ನು ಮೊದಲೂ ಆಮೇಲೂ ಬರೆದಿಟ್ಟುಕೊಳ್ಳಿ. ಅದು ಏರುತ್ತಿದ್ದರೆ ಹೆಚ್ಚಿನಂಶ ತಪ್ಪು ಡಿಸ್ಕಿನದಲ್ಲ, ಕೇಬಲಿನದು. ಕೇಬಲ್ ಬದಲಿಸಿದರೂ ಆ ಸಂಖ್ಯೆ ಸೊನ್ನೆಗೆ ಇಳಿಯುವುದಿಲ್ಲ, ಏರುವುದು ನಿಂತರೆ ಸಾಕು.

ಮುಚ್ಚಳ ಮುಚ್ಚುವ ಮೊದಲು ಇನ್ನೊಂದು ಐದು ನಿಮಿಷದ ಕೆಲಸ ಇದೆ. ಪ್ರತಿ ಡಿಸ್ಕಿನ ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಕ್ಷರಗಳನ್ನು ಚೀಟಿಯಲ್ಲಿ ಬರೆದು, ಹೊರಗಿನಿಂದ ಕಾಣುವ ಅಂಚಿಗೆ ಅಂಟಿಸಿ. ಮುಂದೆ ಒಂದು ಡಿಸ್ಕ್ ಕೆಟ್ಟಾಗ ಪರದೆ ತೋರಿಸುವುದು ಆ ನಂಬರನ್ನೇ.